ವ್ಯತ್ಯಾಸ ಕಂಡ ದರ್ಜಿ

ಹಳೆಯ ಬಿಳಿ ಮಾತ್ರೆಯೂ ಹೊಸ ಹಳದಿ ಮಾತ್ರೆಯೂ ಒಂದೇ ಎಂದು ಸಾರಿಗೆ ಸಂಸ್ಥೆಯ ಔಷಧ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದ ಕಾರಣ, ಅವು ಆ ಕ್ಷಣದಿಂದಲೇ ಒಂದೇ ಆದವು. ಬಿಳಿಯದರ ಮೇಲೆ ದೊಡ್ಡ ಕಂಪನಿಯ ಹೆಸರಿತ್ತು. ಹಳದಿಯದು ಜೆನೆರಿಕ್, ಬೆಲೆ ಕಡಿಮೆ.

ಸಂಸ್ಥೆಯ ಚಾಲಕರಿಗೆ ಸಮವಸ್ತ್ರ ಹೊಲಿಯುವ ದರ್ಜಿ ವರ್ಷಗಟ್ಟಲೆ ಥೈರಾಯ್ಡಿಗೆ ಬಿಳಿ ಮಾತ್ರೆ ನುಂಗಿಕೊಂಡು ಹಾಯಾಗಿದ್ದವನು. ಹಳದಿ ಶುರುವಾದ ಮೇಲೆ ಎದೆ ಡವಡವ ಎನ್ನತೊಡಗಿತು. ಕೈ ನಡುಗಿ ಹೊಲಿಗೆ ಹಾವಿನಂತೆ ಹರಿಯಿತು. ಒಬ್ಬ ಚಾಲಕನ ಅಂಗಿಯ ತೋಳು ಒಂದು ಕಡೆ ಮೊಣಕೈಗೇ ಮುಗಿದುಹೋಯಿತು. ಸಮವಸ್ತ್ರ ಕಡ್ಡಾಯವಾದ್ದರಿಂದ ಆತ ಅದನ್ನೇ ತೊಟ್ಟು ಬಸ್ಸು ಓಡಿಸಿದ.

"ರೀ, ಲೋಟ ಹಿಡಿಯೋಕೂ ಆಗ್ತಿಲ್ಲ ನಿಮಗೆ," ಎಂದಳು ಹೆಂಡತಿ. "ಕೈಯೇ ಹೋದ್ರೆ ಮಶಿನ್ ಮುಂದೆ ಕೂತು ಏನು ಮಾಡ್ತೀರಿ? ಹೋಗಿ ಹೇಳಿ."

ಅವನಿಗೂ ಅದೇ ಭಯವಿತ್ತು. ಹೋದ. ಸಂಸ್ಥೆಯ ಡಾಕ್ಟರು ಸಮಾಧಾನವಾಗಿ ಕೇಳಿಸಿಕೊಂಡರು.

"ಎರಡೂ ಮಾತ್ರೆ ಒಂದೇ ತಾನೆ?"

"ಸಮಿತಿಯವರು ಹಾಗಂತಾರೆ ಸಾರ್."

"ಹಾಗಾದ್ರೆ ವ್ಯತ್ಯಾಸ ಮಾತ್ರೆಯಲ್ಲಿಲ್ಲ. ನಿಮ್ಮಲ್ಲಿದೆ."

"ಕೈ ನಡುಗ್ತಿರೋದು ಸಾರ್?"

"ಅದು ತೊಂದರೆಯಲ್ಲ. ನೀವು ಅದನ್ನ ಗಮನಿಸಿದ್ದು ತೊಂದರೆ."

ದರ್ಜಿಗೆ 'ವ್ಯತ್ಯಾಸಗ್ರಹಣ ದೋಷ' ತಗುಲಿರುವುದು ಖಚಿತವಾಯಿತು. ಮರುದಿನವೇ ಗೋಡೆಗೆ ಪ್ರಕಟಣೆ ಅಂಟಿತು: "ನೌಕರರು ಕರ್ತವ್ಯದ ವೇಳೆಯಲ್ಲಿ ಔಷಧಗಳ ವ್ಯತ್ಯಾಸವನ್ನು ಗಮನಿಸತಕ್ಕದ್ದಲ್ಲ. ಈಗಾಗಲೇ ಗಮನಿಸಿರುವವರು ಚಿಕಿತ್ಸೆ ಪಡೆಯತಕ್ಕದ್ದು."

ಚಿಕಿತ್ಸೆಗಾಗಿ ಸಮಿತಿ ಅಳೆದು ಸುರಿದು ಕೊನೆಗೆ ಬಿಳಿ ಮಾತ್ರೆಯನ್ನೇ ಆರಿಸಿತು. ಅದನ್ನು ನುಂಗುತ್ತಿದ್ದಷ್ಟು ಕಾಲ ಯಾರೂ ವ್ಯತ್ಯಾಸ ಕಂಡ ನಿದರ್ಶನವಿರಲಿಲ್ಲ. ಅಪರೂಪದ ಕಾಯಿಲೆಯ ಔಷಧವಾದ್ದರಿಂದ ಅದರ ಬೆಲೆ ಇಮ್ಮಡಿಯಾಯಿತು. ಪೂರೈಕೆಯ ಭಾರವನ್ನು ಸಮಿತಿಯ ಅಧ್ಯಕ್ಷರ ಭಾವಮೈದುನರು ಹೊತ್ತರು. ಹಳದಿಯದನ್ನೂ ಅವರೇ ಹೊತ್ತಿದ್ದರಿಂದ ಅನುಭವವಿತ್ತು.

"ಹಳದಿ ರೋಗಕ್ಕೆ, ಬಿಳಿ ದೋಷಕ್ಕೆ," ಎಂದರು ಡಾಕ್ಟರು. "ಎರಡೂ ಒಂದೇ. ಆದ್ರೆ ಅದಲುಬದಲು ಮಾಡ್ಬೇಡಿ."

ಮನೆಯಲ್ಲಿ ಹೆಂಡತಿ ಹಳದಿ ಮಾತ್ರೆಗಳನ್ನು ಕಸದ ಬುಟ್ಟಿಗೆ ಸುರಿದಳು. ಕೆಲವೇ ವಾರಗಳಲ್ಲಿ ನಡುಕ ನಿಂತಿತು. ಹೊಲಿಗೆ ನೆಟ್ಟಗಾಯಿತು, ತೋಳುಗಳು ಮತ್ತೆ ಮಣಿಕಟ್ಟು ಮುಟ್ಟಿದವು.

ಹಳದಿ ಮಾತ್ರೆಯ ಯಶಸ್ಸನ್ನು ಸಾರಲು ಸಂಸ್ಥೆ ಸಭೆ ಕರೆಯಿತು. ದರ್ಜಿಯನ್ನು ವೇದಿಕೆಗೆ ಹತ್ತಿಸಿ ಕೈ ಚಾಚಲು ಹೇಳಿದರು.

"ಏನಾದ್ರೂ ವ್ಯತ್ಯಾಸ ಕಾಣ್ತಿದೆಯೇನ್ರೀ?" ಅಧ್ಯಕ್ಷರು ಕೇಳಿದರು.

ದರ್ಜಿ ಸಭಿಕರ ನಡುವೆ ಇದ್ದ ಹೆಂಡತಿಯ ಕಡೆ ನೋಡಿದ. ಅವಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು.

"ಇಲ್ಲ ಸಾರ್."

ಚಪ್ಪಾಳೆ ಮುಗಿಯುವ ಮೊದಲೇ, ತಮಗೂ ದೋಷ ತಗುಲಿದೆ ಎಂದು ತಿಳಿಸಲು ನೌಕರರೆಲ್ಲ ಸಾಲು ನಿಂತರು. ಸಾಲಿನಲ್ಲಿ ಮೊದಲಿಗರು ಡಾಕ್ಟರು.