ಮಾತಾಡಿಸಲು ಬಂದವರು ಕಾಲೇಜು ಸೂಚಿಸುವುದರ ನಿಯಂತ್ರಣ

ಶೋಕ ಹಾಗೂ ಕಾಲೇಜು ಆಯ್ಕೆ ವಿಭಾಗ
ಹೊಳೆಯಪ್ಪನವರ ಮನೆ, ಕೆರೆ ದಂಡೆ ಓಣಿ, ಕೆಲಗೇರಿ, ಧಾರವಾಡ

ಸಂಖ್ಯೆ: ಶೋ.ಕಾ.ಆ/ಪಡಸಾಲೆ/೦೧/೨೦೨೫

ಸುತ್ತೋಲೆ

ವಿಷಯ: ಸತ್ತವರ ಮನೆಗೆ ಮಾತಾಡಿಸಲು ಬರುವವರು ಕು. ಸುಕನ್ಯಾಳಿಗೆ ಇಂಜಿನಿಯರಿಂಗ್ ಕಾಲೇಜು ಸೂಚಿಸುವುದನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ: ೧) ಆಷಾಢ ಸೋಮವಾರ ಮಧ್ಯಾಹ್ನ ಗರಗದಿಂದ ಬಂದ ಫೋನು.
೨) ದಿವಂಗತ ರುಕ್ಮವ್ವನವರ ಮೌಖಿಕ ಆದೇಶಗಳು (ಕಾಲಕಾಲಕ್ಕೆ, ಅಡಿಗೆಮನೆಯಿಂದ).
೩) ಅಣಕು ಸೀಟು ಹಂಚಿಕೆಯ ಫಲಿತಾಂಶ.

ಪ್ರಸ್ತಾವನೆ:

ಉಲ್ಲೇಖ (೧)ರ ಸೋಮವಾರ ಬೆಳಿಗ್ಗೆ ಈ ಮನೆಯ ಮುಖ್ಯಸ್ಥರಾದ ಶ್ರೀಮತಿ ರುಕ್ಮವ್ವನವರು ತವರೂರು ಗರಗಕ್ಕೆ ಹೊರಟು, ಹೊಸ್ತಿಲಲ್ಲಿ ನಿಂತು, ಮೊಮ್ಮಗಳು ಸುಕನ್ಯಾಳಿಗೆ ಈ ಕೆಳಗಿನಂತೆ ಆದೇಶಿಸಿದ್ದರು: "ಸಂಜಿ ಬಸ್ಸಿಗೆ ಬರ್ತೇನಿ. ಕೂಡಿ ಕುಂತು ಕಾಲೇಜು ಹಚ್ಚೋಣು. ಅಲ್ಲೀತನಕ ಯಾರ ಮಾತೂ ಕೇಳಬ್ಯಾಡ. ನಿಮ್ಮಜ್ಜನ ಮಾತಂತೂ ಕೇಳಲೇಬ್ಯಾಡ." ಸಿಇಟಿ ಬರೆದಿದ್ದ ಸುಕನ್ಯಾ ತನಗೆ ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಮೊಬೈಲಿನಲ್ಲಿ ನಮೂದಿಸಬೇಕಾದ ದಿನಗಳವು.

ಮಧ್ಯಾಹ್ನ ರುಕ್ಮವ್ವನವರ ತಮ್ಮ ಮೈಲಾರಪ್ಪನವರು ಹೊಳೆಯಪ್ಪನವರಿಗೆ ಫೋನು ಮಾಡಿದರು. "ಮಾಂವಾ, ಅಕ್ಕ ಉಂಡು ಅಡ್ಡಾದಾಕಿ ಏಳವೊಲ್ಲಳ್ರೀ" ಎಂದರು. ಸಂಜೆಯ ಬಸ್ಸು ವೇಳೆಗೆ ಸರಿಯಾಗಿ ಬಂದಿತು. ರುಕ್ಮವ್ವನವರು ಮಾತ್ರ ನೆರೆಮನೆಯ ಮಕಬೂಲಸಾಬರ ಟೆಂಪೋದಲ್ಲಿ ಬಂದರು.

ಮರುದಿನದಿಂದ ಜನ ಮಾತಾಡಿಸಲು ಬರತೊಡಗಿದರು. ದುಃಖ ಹಂಚಿಕೊಳ್ಳಲು ಬಂದವರಿಗೆ ಎದುರು ಮಾತಾಡಬಾರದೆಂಬುದು ಈ ಮನೆಯ ರೂಢಿ. ಆದಕಾರಣ ಮೃತರ ಯಜಮಾನರಾದ ಹೊಳೆಯಪ್ಪನವರು "ಯಾರು ಏನಂದ್ರೂ ಹೂಂ ಅನ್ನವಾ" ಎಂದು ಮೊಮ್ಮಗಳಿಗೆ ತಿಳಿಸಿದ್ದರು. ಬಂದವರು ಅತ್ತರು, ಮೂಗು ಒರೆಸಿದರು, ಚಹಾ ಕುಡಿದರು. ಕಪ್ಪು ಕೆಳಗಿಡುವಾಗ "ಅಂದಂಗ, ಹುಡುಗೀದು ರ್‍ಯಾಂಕ್ ಎಷ್ಟ ಬಂತ್ರಿ?" ಎಂದರು. ತಮಗೆ ಗೊತ್ತಿದ್ದ ಕಾಲೇಜನ್ನು ಹೇಳಿ, ಅದನ್ನು ಎಲ್ಲಕ್ಕಿಂತ ಮೇಲೆ ಹಚ್ಚಿಸಿಯೇ ಎದ್ದರು. ಹುಡುಗಿ ಹೂಂ ಅಂದಳು, ಹಚ್ಚಿದಳು. ಹೀಗಾಗಿ ಕಾಲೇಜುಗಳು ಗುಣದ ಕ್ರಮ ಬಿಟ್ಟು, ಅತ್ತವರು ಬಂದು ಹೋದ ಕ್ರಮದಲ್ಲಿ, ಕೊನೆಗೆ ಬಂದವರದು ಎಲ್ಲಕ್ಕಿಂತ ಮೇಲಾಗಿ, ನಿಂತವು.

ಕೊನೆಗೆ ಬಂದವರು ಮೈಲಾರಪ್ಪನವರು. ಅವರು ದಾಖಲಿಸಿದ ಅಭಿಪ್ರಾಯ: "ಆ ಕಾಲೇಜಿನ ಗ್ರೌಂಡಿನ್ಯಾಗ ನಮ್ಮ ಬೀಗರ ಮಗನ ಮದುವಿ ಆತವಾ. ಏನ್ ಗೋದಿ ಹುಗ್ಗಿ ಅಂತಿ! ಕಾಲೇಜೂ ಛಲೋನ ಇರ್ಬೇಕು." ಅಣಕು ಹಂಚಿಕೆಯಲ್ಲಿ ಸುಕನ್ಯಾಳಿಗೆ ಆ ಹುಗ್ಗಿಯ ಕಾಲೇಜೇ ದೊರೆತಿದೆ. ಅವಳು ಓದಬೇಕೆಂದಿರುವುದು ಸಿವಿಲ್. ಆ ವಿಭಾಗ ಅಲ್ಲಿ ಇರುವುದೇ ಇಲ್ಲ.

ಇದು ಅಣಕು ಹಂಚಿಕೆ ಮಾತ್ರವಾಗಿರುವುದರಿಂದ ಶುಕ್ರವಾರ ಸಂಜೆಯವರೆಗೆ ಕ್ರಮ ಬದಲಿಸಲು ಅವಕಾಶವಿದೆ. ಆಮೇಲೆ ಹುಡುಗಿಯ ನಾಲ್ಕು ವರ್ಷ ಹುಗ್ಗಿಯ ಪಾಲಾಗುತ್ತದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ಮಾತಾಡಿಸಲು ಬಂದವರು ಮೊದಲು ಅಳತಕ್ಕದ್ದು. ಅಳುವಿಗೂ ರ್‍ಯಾಂಕು ಕೇಳುವುದಕ್ಕೂ ನಡುವೆ ಕನಿಷ್ಠಪಕ್ಷ ಮೃತರ ಒಂದು ಒಳ್ಳೆಯ ಗುಣವನ್ನಾದರೂ ಹೇಳತಕ್ಕದ್ದು. "ಭಾಳ ಛಲೋ ಇದ್ದಳು" ಎಂಬುದನ್ನು ಗುಣವೆಂದು ಪರಿಗಣಿಸಲಾಗುವುದಿಲ್ಲ. ಅದನ್ನು ಎಲ್ಲರ ಮನೆಯಲ್ಲೂ ಹೇಳಲಾಗುತ್ತದೆ.

೨. "ಅಂದಂಗ" ಎಂಬ ಶಬ್ದವನ್ನು ಚಪ್ಪಲಿಯೊಡನೆ ಹೊರಗೆ ಬಿಟ್ಟು ಬರತಕ್ಕದ್ದು. ಹೋಗುವಾಗ ಎರಡನ್ನೂ ಮರಳಿ ಪಡೆಯಬಹುದು.

೩. ಹೆಚ್ಚು ಅತ್ತ ಮಾತ್ರಕ್ಕೆ ಕಾಲೇಜು ಮೇಲೇರುವುದಿಲ್ಲ. ಗೋಡೆಗೆ ಹಣೆ ಬಡಿದುಕೊಂಡವರಿಗೂ ಈ ನಿಯಮ ಅನ್ವಯಿಸುತ್ತದೆ. ಗೋಡೆಗೆ ಈಚೆಗಷ್ಟೇ ಸುಣ್ಣ ಹಚ್ಚಲಾಗಿದೆ.

೪. ಒಲೆ ಹಚ್ಚದ ದಿನಗಳಲ್ಲಿ ರೊಟ್ಟಿ, ಪಲ್ಯ ಕಳಿಸಿದ ಮನೆಯವರು ತಲಾ ಒಂದು ಕಾಲೇಜು ಸೂಚಿಸಬಹುದು. ಬರೀ ಚಟ್ನಿಪುಡಿ ಕಳಿಸಿದವರು ಮೆಲ್ಲಗೆ ತಲೆಯಾಡಿಸಬಹುದು. ಮಕಬೂಲಸಾಬರ ಮನೆಯ ಸಿತಾರಾಬಿಯವರು ದಿನಾ ಬುತ್ತಿ ಕಳಿಸಿಯೂ ಒಂದು ಕಾಲೇಜನ್ನೂ ಹೇಳಿಲ್ಲ. ಕಾರಣ ಕೇಳಲಾಗಿ, "ಆ ಕೂಸಿಗೆ ಮೊದ್ಲು ಎರಡು ತುತ್ತು ಉಣ್ಣಾಕ ಬಿಡ್ರಿ" ಎಂದಿದ್ದಾರೆ. ಈ ಹೇಳಿಕೆಯನ್ನು ವಿಭಾಗವು ಮೆಚ್ಚುಗೆಯಿಂದ ಗಮನಿಸಿದೆ.

೫. ಕಾಲೇಜಿನ ಕಮಾನು ದೊಡ್ಡದಿದೆ, ಬಸ್ಸಿಗೆ ಪರದೆಗಳಿವೆ, ಚೇರ್ಮನ್ನರು ನಮ್ಮವರು, ಕಾಲೇಜಿನ ಬಾಗಿಲು ಈಶಾನ್ಯಕ್ಕಿದೆ, ಗಬ್ಬೂರ ಬೈಪಾಸಿನಲ್ಲಿ ಹೋಗುವಾಗ ಅದರ ದೀಪಗಳು ಚಂದ ಕಾಣುತ್ತವೆ ಎಂಬ ಕಾರಣಗಳನ್ನು ಸ್ವೀಕರಿಸಲಾಗುವುದಿಲ್ಲ. ಹುಗ್ಗಿಯನ್ನು ಈಗಾಗಲೇ ತಿರಸ್ಕರಿಸಲಾಗಿದೆ.

೬. ಯಾವುದೇ ಕಾಲೇಜು ಸೂಚಿಸುವವರು ಮೃತರ ಪ್ರಶ್ನೆಗಳಿಗೆ ಉತ್ತರ ತರತಕ್ಕದ್ದು. ರುಕ್ಮವ್ವನವರು ಬದುಕಿದ್ದಾಗ ಮೊಮ್ಮಗಳನ್ನು ಕರೆದುಕೊಂಡು ಕಾಲೇಜು ನೋಡಲು ಹೋಗುತ್ತಿದ್ದರು. ಒಳಗೆ ಹೋಗುವ ಮುನ್ನ ಹೊರಗಿನ ಬಸ್‌ಸ್ಟಾಪಿನಲ್ಲಿ ಕುಳಿತು, ಮನೆಗೆ ಹೊರಟ ಹುಡುಗಿಯರಿಗೆ ಶೇಂಗಾ ಕೊಟ್ಟು ಕೇಳುತ್ತಿದ್ದರು: "ಸಿವಿಲ್ ಕಲಸೋ ಮಾಸ್ತರು ದಿನಾ ಬರ್ತಾರೇನವಾ? ಲ್ಯಾಬಿನ್ಯಾಗ ಮುಟ್ಟಿ ಮಾಡಸ್ತಾರೋ, ಬರೇ ತೋರಸ್ತಾರೋ? ಕಲತು ಹೊರಗ ಬಿದ್ದವ್ರು ಏನ್ ಮಾಡಾಕತ್ತಾರ?" ಶೇಂಗಾ ತಿಂದವರು ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು. ಇನ್ನು ಮುಂದೆ ಶೇಂಗಾದ ಖರ್ಚನ್ನು ಸೂಚಿಸುವವರೇ ಭರಿಸತಕ್ಕದ್ದು.

೭. ಹುಡುಗಿಯ ತಂದೆ ಹನಮೇಶನವರಿಗೆ ಕಂಪ್ಯೂಟರ್ ವಿಭಾಗದ ಬಗ್ಗೆ ಒಲವಿರುವುದು ವಿಭಾಗದ ಗಮನದಲ್ಲಿದೆ. ಅವರು ನಿಟ್ಟುಸಿರು ಬಿಡಬಹುದು. ನಿಟ್ಟುಸಿರನ್ನು ಆಯ್ಕೆಯೆಂದು ನಮೂದಿಸಲಾಗುವುದಿಲ್ಲ. ಹುಡುಗಿಯ ತಾಯಿ ದ್ರಾಕ್ಷಾಯಿಣಿಯವರು ಈ ಕುರಿತು ಅವರಿಗೆ "ನೀವು ಓದ್ತೀರೋ, ಆಕಿ ಓದ್ತಾಳೋ?" ಎಂದು ಪ್ರತ್ಯೇಕ ನೋಟೀಸು ನೀಡಿರುತ್ತಾರೆ.

೮. "ಯಾರು ಏನಂದ್ರೂ ಹೂಂ ಅನ್ನವಾ" ಎಂಬ ಹಿಂದಿನ ಸೂಚನೆಯನ್ನು ಈ ಮೂಲಕ ರದ್ದುಪಡಿಸಲಾಗಿದೆ. ಇನ್ನು ಸುಕನ್ಯಾ "ನೋಡ್ತೇನ್ರಿ" ಎನ್ನತಕ್ಕದ್ದು. ಕೇಳಿದವರು ಅದನ್ನು ಹೂಂ ಎಂದು ತಿಳಿದು ಸಂತೋಷದಿಂದ ಹೋದಲ್ಲಿ ಅದಕ್ಕೆ ವಿಭಾಗವು ಜವಾಬ್ದಾರಿಯಲ್ಲ.

೯. ಮೇಲಿನ ನಿಯಮಗಳು ಜಾರಿಯಲ್ಲಿರುವಾಗಲೇ ಹಿರಿಯರಾದ ಹೊಳೆಯಪ್ಪನವರು ಸ್ವತಃ ಒಂದು ಕಾಲೇಜು ಸೂಚಿಸಲು ಮುಂದೆ ಬಂದಿದ್ದಾರೆ. ಅದರ ಗುಣಗಳನ್ನು ಅವರು ಹೀಗೆ ತೋರಿಸಿದ್ದಾರೆ: ಮನೆಯಿಂದ ನಡೆದು ಹೋಗಬಹುದು, ಮಧ್ಯಾಹ್ನ ಊಟಕ್ಕೆ ಬರಬಹುದು, ಸಂಜೆ ಬಾಗಿಲು ಸಪ್ಪಳವಾದರೆ "ಅಜ್ಜಾ" ಎಂಬ ದನಿ ಕೇಳಬಹುದು. ಪರಿಶೀಲಿಸಲಾಗಿ, ಇವು ಅಜ್ಜನಿಗೆ ಅನುಕೂಲವಾದ ಗುಣಗಳೆಂದೂ, ಸದರಿ ಕಾಲೇಜಿನಲ್ಲಿ ಸಿವಿಲ್ ಕಲಿಸುವವರು ಅಪರೂಪಕ್ಕೆ ಬರುತ್ತಾರೆಂದೂ ಕಂಡುಬಂದಿದೆ. ಶೇಂಗಾ ತಿಂದ ಅಲ್ಲಿನ ಹುಡುಗಿಯರು ಒಕ್ಕೊರಲಿನಿಂದ ಹೇಳಿ ಹೋಗಿದ್ದೂ ಇದನ್ನೇ. ಶೇಂಗಾ ತಿಂದವರು ಹೊಗಳಿದ ಕಾಲೇಜು ಬೇರೆ, ಅದು ಹಾಸ್ಟೆಲಿನಲ್ಲಿ ಇದ್ದು ಓದಬೇಕಾದ ದೂರದ ಊರಿನಲ್ಲಿದೆ.

ಈ ಬಗ್ಗೆ ಮೃತರು ಮುಂಚಿತವಾಗಿಯೇ, ಗರಗಕ್ಕೆ ಹೊರಡುವ ಹಿಂದಿನ ಸಂಜೆ, ಹೊಳೆಯಪ್ಪನವರನ್ನು ಉದ್ದೇಶಿಸಿ ಆದೇಶ ಹೊರಡಿಸಿದ್ದರು: "ಹುಡುಗಿ ಕಲಿಯಾಕ ಹೊಂಟಾಳ್ರಿ, ನಿಮಗ ಚಾ ಕಾಸಾಕಲ್ಲ. ಮನಿ ಬಿಕೋ ಅಂದ್ರ ನಾ ಇರ್ತೇನಲ್ಲ."

ಸದರಿ ಆದೇಶದ ಕೊನೆಯ ವಾಕ್ಯವನ್ನು ಪಾಲಿಸಲು ಮೃತರಿಂದ ಆಗಿರುವುದಿಲ್ಲ. ಮೊದಲ ವಾಕ್ಯವು ಎಂದಿನಂತೆ ಜಾರಿಯಲ್ಲಿರುತ್ತದೆ. ಹಿರಿಯರ ಸಲಹೆಯನ್ನು ತಿರಸ್ಕರಿಸಲಾಗಿದೆ. ಮೇಲ್ಮನವಿಗೆ ಅವಕಾಶವಿಲ್ಲ.

೧೦. ಶುಕ್ರವಾರ ಮಧ್ಯಾಹ್ನ ಸುಕನ್ಯಾ ಅಡಿಗೆಮನೆಯಲ್ಲಿ, ಅಜ್ಜಿ ಕೂಡುತ್ತಿದ್ದ ಮಣೆಯ ಪಕ್ಕದಲ್ಲಿ ಕುಳಿತು, ತನಗೆ ತಿಳಿದ ಕ್ರಮದಲ್ಲಿ ಕಾಲೇಜುಗಳನ್ನು ನಮೂದಿಸುವಳು. ಮಣೆಯ ಮೇಲೆ ಯಾರೂ ಕೂಡತಕ್ಕದ್ದಲ್ಲ. ಆ ಹೊತ್ತಿನಲ್ಲಿ ಹೊಳೆಯಪ್ಪನವರು ಮನೆಯಲ್ಲಿ ಇರತಕ್ಕದ್ದಲ್ಲ. ಕೆರೆ ದಂಡೆಯ ಮೇಲೆ ಇರತಕ್ಕದ್ದು. ಕಣ್ಣಿಗೆ ಧೂಳು ಬಿದ್ದುದಾಗಿ ಅವರು ಹೇಳಿದಲ್ಲಿ ನಂಬತಕ್ಕದ್ದು.

ಸಹಿ/-
ಹೊಳೆಯಪ್ಪ
ಪ್ರಭಾರ ಮುಖ್ಯಸ್ಥರು
(ಕಾಯಂ ಮುಖ್ಯಸ್ಥರ ಹುದ್ದೆ ತೆರವಾಗಿದೆ. ಭರ್ತಿ ಮಾಡುವ ಪ್ರಸ್ತಾವವಿಲ್ಲ.)

ಪ್ರತಿಗಳು:

೧. ಶ್ರೀ ಮೈಲಾರಪ್ಪ, ಗರಗ ಇವರಿಗೆ, ತಪ್ಪದೆ ಪಾಲಿಸಲು. ಬೀಗರಿಗೆ ತಿಳಿಸುವ ಅಗತ್ಯವಿಲ್ಲ.

೨. ಶ್ರೀ ಹನಮೇಶ ಇವರಿಗೆ, ನಿಟ್ಟುಸಿರಿನೊಡನೆ ಲಗತ್ತಿಸಿಕೊಳ್ಳಲು.

೩. ಶ್ರೀಮತಿ ಸಿತಾರಾಬಿ ಇವರಿಗೆ, ತೊಳೆದ ಬುತ್ತಿ ಡಬ್ಬಿಯೊಡನೆ, ಕೃತಜ್ಞತಾಪೂರ್ವಕವಾಗಿ.

೪. ಸೂಚನಾ ಫಲಕಕ್ಕೆ, ಅಂದರೆ ಚಪ್ಪಲಿ ಬಿಡುವ ಜಾಗದ ಮೇಲಿನ ಗೋಡೆಗೆ.

೫. ಶ್ರೀಮತಿ ರುಕ್ಮವ್ವನವರಿಗೆ, ದೇವರ ಜಗುಲಿಯ ಪಕ್ಕದ ಫೋಟೋದ ಮುಂದೆ, ದಯವಿಟ್ಟು ಮಾಹಿತಿಗಾಗಿ. ತಮ್ಮ ಆದೇಶದಂತೆ ಹುಡುಗಿ ತನಗೆ ಬೇಕಾದುದನ್ನೇ ಹಚ್ಚುತ್ತಿದ್ದಾಳೆ. ಚಹಾ ಕಾಸುವುದನ್ನು ಹಿರಿಯರು ಕಲಿಯುತ್ತಿದ್ದಾರೆ. ಎರಡು ಸಲ ಉಕ್ಕಿದೆ. ತಾವು ಇತ್ತಕಡೆಯ ಕಾಳಜಿ ಬಿಟ್ಟು ಸುಖವಾಗಿರಬೇಕು. ಸಿದ್ಧಾರೂಢ ಅಜ್ಜಾ, ನಮ್ಮ ರುಕ್ಮವ್ವ ದುಡಿದು ದಣಿದು ಬಂದಾಳ. ನಿನ್ನ ಪಾದದ ನೆರಳಿನ್ಯಾಗ ಆಕಿಗೆ ಒಂದೀಟು ಜಾಗ ಕೊಡು, ಆಕಿ ಆತ್ಮಕ್ಕ ಶಾಂತಿ ಕೊಡು. ಓಂ ನಮಃ ಶಿವಾಯ.