ಎಕಂಬಾದ ಆಯಿ ಸರ್ಕಾರವನ್ನು ಜಪ್ತಿ ಮಾಡಿಸಿದ್ದು

ಜಪ್ತಿಗೆ ಹೋದಲ್ಲೆಲ್ಲ ಒಂದಲ್ಲ ಒಂದು ಫಜೀತಿ ಆಗಿಯೇ ತೀರುತ್ತದೆ. ಜಪ್ತಿ ಸರ್ಕಾರದ್ದೇ ಆದರಂತೂ ಕೇಳುವುದೇ ಬೇಡ! ನಾನು ಕೋರ್ಟಿನ ಅಮೀನ. ತೀರ್ಪಿನ ಹಣ ಕೊಡದವರ ಸಾಮಾನು ಎತ್ತಿಕೊಂಡು ಬರುವುದು ನನ್ನ ಕೆಲಸ. ಈ ಸಲ ಕೊಡದೆ ಕೂತದ್ದು ಒಂದು ಸರ್ಕಾರಿ ಇಲಾಖೆ. ಎಕಂಬಾ ಊರಿನ ಆಯಿಯೊಬ್ಬಳ, ಅಂದರೆ ಮುದುಕಿಯೊಬ್ಬಳ, ಹೊಲ ಆ ಇಲಾಖೆ ಕಟ್ಟಿಸಿದ ಕೆರೆಗೆ ಹೋಗಿತ್ತು. ಮೇವಿಗೆ ಜಾಗವಿಲ್ಲದೆ ಕುರಿಗಳನ್ನೂ ಮಾರಿಕೊಂಡಿದ್ದಳು. ಪರಿಹಾರ ಕೊಡಿ ಎಂದು ಕೋರ್ಟು ಹೇಳಿಯಾಗಿತ್ತು. ಬಜೆಟ್ ಇಲ್ಲ ಎಂದು ಇಲಾಖೆಯೂ ಹೇಳಿಯಾಗಿತ್ತು.

“ಸಾಯೋದ್ರಾಗ ಮತ್ತ ಕುರಿ ಕಟ್ಟಬೇಕ್ರಿ ಅಮೀನ್ ಸಾಬ್,” ಎಂದು ಆಯಿ ನನ್ನ ಬೆನ್ನು ಹತ್ತಿದಳು.

ಏನೇನು ಎತ್ತಬೇಕೆಂದು ಗೆದ್ದವರೇ ಬಂದು ಬೆರಳು ಮಾಡಿ ತೋರಿಸುವುದು ನಮ್ಮಲ್ಲಿ ಪದ್ಧತಿ. ಆಯಿಗೆ ಈ ಪದ್ಧತಿ ಭಾರಿ ಹಿಡಿಸಿತು!

ಔರಾದ

ಇಲಾಖೆಯ ಇಲ್ಲಿನ ಕಚೇರಿಗೆ ನಾವು ಬರುವ ಸುದ್ದಿ ಮೊದಲೇ ಮುಟ್ಟಿತ್ತು. ಕುರ್ಚಿ, ಮೇಜು ಎಲ್ಲ ಮಾಯ! ಸಾಹೇಬರಿಂದ ಹಿಡಿದು ಜವಾನನವರೆಗೆ ಎಲ್ಲರೂ ನಿಂತೇ ಇದ್ದರು. ನಿಂತು ನಿಂತು ಕಾಲು ನೋಯುತ್ತಿದ್ದರಿಂದ ಬಂದ ಜನರ ಕೆಲಸವನ್ನೆಲ್ಲ ಗಡಬಡಿಸಿ ಮುಗಿಸಿ ಕಳಿಸುತ್ತಿದ್ದರು. ಆಯಿ ಬೆರಳು ಮಾಡಲು ಏನೂ ಸಿಗದೆ ಪೆಚ್ಚಾದಳು. ಕಾಗದ ಕೈಗೆ ಸಿಕ್ಕ ಖುಷಿಯಲ್ಲಿ ರೈತನೊಬ್ಬ ನನ್ನ ಕೈ ಹಿಡಿದುಕೊಂಡ.

“ಸಾಬ್, ಪ್ರತಿ ಸೋಮವಾರ ಬರ್ರಿ!”

ಭಾಲ್ಕಿ

ಇಲ್ಲಿ ಜೀಪು ಸಿಕ್ಕಿತು. ಆಯಿ ಬೆರಳು ಮಾಡಿದ್ದೇ ತಡ, ನಾನು ಜಪ್ತಿ ಚೀಟಿ ಅಂಟಿಸಿದೆ. ಕಚೇರಿಯವರು ಜಗಳಕ್ಕೆ ಬರುತ್ತಾರೆಂದುಕೊಂಡರೆ, ಎಲ್ಲರೂ ಓಡಿ ಬಂದು ಜೀಪು ದೂಡಲು ನಿಂತರು. ದೂಡದೆ ಅದು ಹೋಗುವಂತೆಯೂ ಇರಲಿಲ್ಲ! ಗೇಟು ದಾಟುತ್ತಲೇ ಸೈಲೆನ್ಸರ್ ಕಳಚಿ ಬಿತ್ತು. “ಇದನ್ನ ಮಾರಿದ್ರ ಒಂದ್ ಕುರಿನೂ ಬರಂಗಿಲ್ಲ,” ಎಂದು ಆಯಿ ಹಣೆ ಬಡಿದುಕೊಂಡಳು. ಡ್ರೈವರ್ ಬೆವರು ಒರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಉಸುರಿದ:

“ನಾಳೆ ರೊಕ್ಕ ಕಟ್ಟಿದ್ರೂ ಇದನ್ನ ಮಾತ್ರ ವಾಪಸ್ ಕೊಡಬ್ಯಾಡ್ರಿ, ನಿಮ್ಮ ಕಾಲ್ ಬೀಳ್ತೀನಿ.”

ಬೀದರ

ಉಳಿದದ್ದು ಬೀದರಿನ ದೊಡ್ಡ ಕಚೇರಿ. ಪಕ್ಕದ ಕೊಳಾರದಿಂದ ಇಬ್ಬರು ಹಮಾಲರನ್ನು ಕರೆದುಕೊಂಡು ಹೇಳದೆ ಕೇಳದೆ ನುಗ್ಗಿದೆವು. ದೊಡ್ಡ ಸಾಹೇಬರು ಮೊಬೈಲು ಎದುರಿಗೆ ಹಿಡಿದು ಬೆಂಗಳೂರಿನ ಮೇಲಧಿಕಾರಿಯ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದರು. ಆಯಿ ನೇರ ಅವರ ಕುರ್ಚಿಗೇ ಬೆರಳು ಮಾಡಿದಳು. ಏಳಿರೆಂದು ನಾನು ಸನ್ನೆ ಮಾಡಿದೆ. ಅವರು ಜಗ್ಗಲಿಲ್ಲ.

“ಮನುಷ್ಯಾನ್ನ ಮುಟ್ಟೋ ಹಕ್ಕ ನನಗಿಲ್ಲ ಆಯಿ,” ಎಂದೆ.

“ಸಾಹೇಬನ್ನ ಯಾಕ ಮುಟ್ತೀರಿ? ಕುರ್ಚಿ ದೂಡ್ರಿ. ಕೆಳಗ ಗಾಲಿ ಅವ ಅಲ್ರಿ!”

ಹಮಾಲರು ದೂಡಿಯೇ ಬಿಟ್ಟರು. ಕುರ್ಚಿ ಸಾಹೇಬರ ಸಮೇತ ಬಾಗಿಲು ದಾಟಿ ವರಾಂಡದಲ್ಲಿ ಓಡತೊಡಗಿತು. ಮೊಬೈಲಿನಿಂದ ಬೆಂಗಳೂರಿನ ದನಿ ಗದರಿತು:

“ರೀ, ನಿಮ್ಮ ಹಿಂದಿನ ಗೋಡೆ ಯಾಕ್ರೀ ಓಡ್ತಾ ಇದೆ?”

“ಸರ್... ನಾ ಜಪ್ತಿ ಆಗ್ಲತ್ತೀನಿ ಸರ್!”

ಇಲ್ಲದ ಬಜೆಟ್ಟು ಅಂದೇ ಸಂಜೆಯೊಳಗೆ ಹುಟ್ಟಿತು. ಚೆಕ್ಕು ಸೆರಗಿಗೆ ಗಂಟು ಹಾಕಿಕೊಂಡ ಆಯಿ, ಕುರ್ಚಿ ದೂಡಿದ ಇಬ್ಬರಿಗೂ ಚಹಾ ಕುಡಿಸಿದಳು. ನನಗೂ ಖುಷಿಯೋ ಖುಷಿ.

ಮುಂದೆ ಆ ಇಲಾಖೆಗೆ ಬೆಂಗಳೂರಿನಿಂದ ಸುತ್ತೋಲೆ ಬಂತು. ಕೋರ್ಟಿನ ಬಿಸಿ ಸರ್ಕಾರಕ್ಕೆ ತಟ್ಟಿತು, ಇನ್ನು ಬಡವರ ಪರಿಹಾರ ತಡವಾಗದು ಎಂದು ಉಬ್ಬಿಹೋಗಿ ಓದಿದೆ. ಅದರಲ್ಲಿದ್ದದ್ದು ಒಂದೇ ಆದೇಶ:

“ಇನ್ನು ಮುಂದೆ ಕಚೇರಿಗಳಿಗೆ ಗಾಲಿಯಿಲ್ಲದ ಕುರ್ಚಿಗಳನ್ನು ಮಾತ್ರ ಖರೀದಿಸತಕ್ಕದ್ದು.”