ಗುಬ್ಬಿ ಒಯ್ದ ಕೂದಲು

ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳಿದರೆ ದೇವರ ಜಗಲಿ ತೋರಿಸುವ ಮಲ್ಲಣ್ಣ, ಆಳಂದದ ಚಹಾದಂಗಡಿಯಲ್ಲಿ ಕೂತು ಹೆಂಡತಿಯ ಜಡೆಯನ್ನೇ ದಾನ ಕೊಟ್ಟು ಬಂದಿದ್ದ.

"ನಮ್ಮ ಹುಸೇನಸಾಬನ ಮಗಳು ಮೆಹರಾಜಗ ಸೊಲ್ಲಾಪುರದ ದೊಡ್ಡ ದವಾಖಾನಿ ಔಷಧಕ್ಕ ತಲಿಗೂದಲ ಎಲ್ಲಾ ಉದುರ್ಯಾವ. ಪೋರಿ ಸಾಲಿಗೆ ಹೋಗಲ್ಲ ಅಂತ ಹಟ ಹಿಡದಾಳ. ನಾಟಕದವರಿಗೆ ವಿಗ್ಗು ಮಾಡಾಂವ ಒಬ್ಬ ಕೂದಲ ತಂದ್ರ ಪುಕ್ಕಟ ಮಾಡಿ ಕೊಡ್ತೇನಿ ಅಂದಾನ. ನಾ ಅಂದೆ, ನಮ್ಮಾಕಿ ಜಡಿ ಇರಾಗ ನಿಮಗ್ಯಾಕ ಚಿಂತಿ? ನಾಳಿ ಮುಂಜಾನೆ ಬರ್ತಾರ."

ಹೆಂಡತಿ ಗುರುಬಾಯಿ ಬಡಿದು ಹಾಕಿದ್ದ ರೊಟ್ಟಿ ಹಂಚಿನ ಮೇಲೇ ಕರಕಾಯಿತು.

"ನನ್ನ ಒಂದು ಮಾತು ಕೇಳಬಾರದೇನ್ರಿ?"

"ಎತ್ತು ಕೊಟ್ಟೇನೇನು, ಹೊಲ ಕೊಟ್ಟೇನೇನು? ಮತ್ತ ಬೆಳಿತಾವ ತಗಿ!"

ಬೆಳೆಯುವುದಾಗಿದ್ದರೆ ಅವಳಿಗೇಕೆ ಈ ಎದೆಬಡಿತ? ತಮ್ಮೂರು ನಿಂಬರ್ಗಾದ ಹೆಂಗಸರೆಲ್ಲ ಹೊಟ್ಟೆ ಉರಿದುಕೊಳ್ಳುವ, ಮಂಡಿಗೆ ಬಡಿಯುವ ಆ ಜಡೆಯಲ್ಲಿ ಅವಳ ಸ್ವಂತದ್ದು ಇಲಿ ಬಾಲದಷ್ಟು. ಉಳಿದದ್ದು ಚೌರಿ, ಸೇರಿಸಿ ಕಟ್ಟಿದ ಕೂದಲು. ಇಬ್ಬರು ಮಕ್ಕಳನ್ನು ಹೆತ್ತು ಬೆಳೆಸಿದರೂ ಗಂಡನಿಗೆ ಇದು ಗೊತ್ತಿರಲಿಲ್ಲ. (ಗಂಡಸರು ಜಡೆ ನೋಡುತ್ತಾರೆಯೇ ಹೊರತು ಜಡೆಯ ಬುಡ ನೋಡುವುದಿಲ್ಲ.)

ಚೌರಿ ಬಂದ ಬಗೆ ಇನ್ನೂ ಗುಟ್ಟಿನದು. ಅತ್ತೆ ಕಸ್ತೂರಿಬಾಯಿ ತಲೆ ಬಾಚಿಕೊಂಡಾಗಲೆಲ್ಲ ಉದುರಿದ ಕೂದಲನ್ನು ಉಂಡೆ ಸುತ್ತಿ ಕೊಟ್ಟಿಗೆಯ ಗೋಡೆ ಸಂದಿಯಲ್ಲಿ ತುರುಕುತ್ತಿದ್ದಳು. ಸೂಜಿ-ಪಿನ್ನಿನವಳು ಬಂದರೆ ಕೂದಲು ಕೊಟ್ಟು ಸೂಜಿ ತೆಗೆದುಕೊಳ್ಳುವುದು ಊರ ರೂಢಿ. ಆದರೆ ಅವಳು ಬರುವಷ್ಟರಲ್ಲಿ ಸಂದಿ ಖಾಲಿ! "ಗುಬ್ಬಿಗೋಳು ಗೂಡಿಗೆ ಒಯ್ತಾವ" ಎಂದು ಕಸ್ತೂರಿಬಾಯಿ ಕೋಲು ಹಿಡಿದು ಗುಬ್ಬಿಗಳ ಮೇಲೆ ಯುದ್ಧವನ್ನೇ ಸಾರಿದ್ದಳು. ಸೊಸೆ ಮಾತ್ರ ಆ ಉಂಡೆಗಳನ್ನು ಸೀರೆಯ ಗಂಟಿನಲ್ಲಿ ಕೂಡಿಟ್ಟು, ಆಳಂದದ ಬಳೆಗಾರ್ತಿಯ ಕೈಯಲ್ಲಿ ಚೌರಿ ಕಟ್ಟಿಸಿಕೊಂಡಿದ್ದಳು. ಆಗ ಅತ್ತೆಯ ಕೂದಲು ಕಾಡಿಗೆಗಪ್ಪು. ಈಗ ತಲೆ ಹತ್ತಿಯಾಗಿದ್ದರಿಂದ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಉಳಿದದ್ದು ಒಂದೇ ಆಸರೆ: ಅತ್ತೆಯ ಸಿಟ್ಟು. ಗಂಡ ಗಟ್ಟಿಮುಟ್ಟಾಗಿರುವಾಗ ಮುತ್ತೈದೆ ತಲೆಗೆ ಕತ್ತರಿ ತಾಗಿಸುವುದೇ? ಅತ್ತೆ ಮನೆಯನ್ನು ಎರಡು ಮಾಡುತ್ತಾಳೆ! ಜನ್ಮದಲ್ಲಿ ಮೊದಲ ಸಲ ಗುರುಬಾಯಿ ಅತ್ತೆಯ ಸಿಟ್ಟಿಗಾಗಿ ಬಸವಣ್ಣನಿಗೆ ಕೈಮುಗಿದಳು.

ಕಸ್ತೂರಿಬಾಯಿ ಎಲೆಗೆ ಸುಣ್ಣ ಸವರುತ್ತ ಎಲ್ಲ ಕೇಳಿದಳು. "ಕೂಸಿನ ತಲಿ ಬೋಳ ಇರಾಗ ನಮ್ಮ ಮನ್ಯಾಗ ಜಡಿ ಜೋತಾಡಬೇಕೇನ? ಕೊಡಬೇ. ಇದೂ ದಾಸೋಹನ."

ಬಸವಣ್ಣ ಮುಖ ತಿರುಗಿಸಿದ್ದ.

ಮುಂಜಾನೆ ಅಂಗಳದಲ್ಲಿ ಓಣಿಯೇ ನೆರೆದಿತ್ತು. ಮೆಹರಾಜಳ ತಾಯಿ ಪ್ಯಾರಿಬಿ ಕತ್ತರಿ ಹಿಡಿದು ಕಣ್ಣೊರೆಸಿಕೊಂಡಳು. ಪೋರಿ ತಲೆಗೆ ಓಢಣಿ ಬಿಗಿದುಕೊಂಡು, ಗುರುಬಾಯಿಯ ಜಡೆಯನ್ನು ಮಿಠಾಯಿ ನೋಡಿದಂತೆ ನೋಡುತ್ತಿದ್ದಳು.

"ಸೊಂಟದ ಹತ್ರ ಕತ್ತರಸು ಪ್ಯಾರಿಬಿ, ಸಾಕು."

"ಇಲ್ಲ ಅಕ್ಕ, ಉದ್ದ ಸಾಲಂಗಿಲ್ಲಂತ. ಕುತ್ತಿಗಿ ಹತ್ರನೇ ಕತ್ತರಸಬೇಕಂತ."

ಕುತ್ತಿಗೆ! ಚೌರಿಯ ಗಂಟು ಇದ್ದದ್ದೇ ಅಲ್ಲಿ. ಗುರುಬಾಯಿ ನೀರು ಬೇಕೆಂದಳು. ನೀರು ಬಂತು. ಒಲೆಯ ಮೇಲೆ ಬ್ಯಾಳಿ ಇಟ್ಟಿದ್ದೇನೆ ಎಂದಳು. ಯಾರೋ ಇಳಿಸಿ ಬಂದರು.

"ಏನಬೇ, ಎಷ್ಟು ಮಿಸುಕಾಡ್ತಿ! ನಾಕು ಮಂದ್ಯಾಗ ನನ್ನ ಮರ್ಯಾದಿ ಕಳೀತಿಯೇನು?" ಮಲ್ಲಣ್ಣ ಗದರಿದ.

ಕತ್ತರಿಯ ತಣ್ಣನೆ ಕಬ್ಬಿಣ ಕುತ್ತಿಗೆಗೆ ತಾಗಿತು. ಅಷ್ಟರಲ್ಲಿ ಹಿಂದೆ ನಿಂತ ಮೆಹರಾಜ, ತಡೆಯಲಾರದೆ ಜಡೆಯನ್ನು ಕೈಗೆ ಸುತ್ತಿ ತನ್ನ ಹೆಗಲ ಮೇಲೆ ಹಾಕಿಕೊಳ್ಳಲು ಹೋಗಿ, ಜಗ್ಗಿದಳು.

ಜಡೆ ಕೈಗೆ ಬಂತು.

ಕೊಟ್ಟಿಗೆಯ ಎಮ್ಮೆ ಕೂಡ ಮೆಲುಕು ನಿಲ್ಲಿಸಿತು. ಪೋರಿ ಕಿರುಚಿದಳು.

"ಅಮ್ಮಾ! ಕಾಕೂಗೂ ನಂದೇ ಬ್ಯಾನಿ ಬಂದದ!"

ಹೇಳಿದವಳೇ ತನ್ನ ಓಢಣಿ ಕಿತ್ತು ಗುರುಬಾಯಿಯ ತಲೆಗೆ ಹೊದಿಸಿದಳು. ಮನೆಯವರ ಮುಂದೂ ತೆಗೆಯದವಳು ಅಷ್ಟು ಜನರ ನಡುವೆ ಬೋಳುತಲೆಯಲ್ಲಿ ನಿಂತು, "ಅಂಜಬ್ಯಾಡ್ರಿ ಕಾಕು, ಸೂಜಿ ಚುಚ್ಚೂ ಮುಂದ ಅಷ್ಟ ನೋಯ್ತದ" ಅಂದಳು.

ಬಾಣಂತನ, ಜ್ವರ, ಯಾರದೋ ಕೆಟ್ಟ ಕಣ್ಣು... ಗುರುಬಾಯಿಯ ನಾಲಿಗೆಯ ತುದಿಗೆ ಸುಳ್ಳುಗಳು ಸಾಲಾಗಿ ಬಂದು ನಿಂತಿದ್ದವು. ಆ ಪುಟ್ಟ ಕೈ ತಲೆ ಸವರುತ್ತಿರುವಾಗ ಒಂದೂ ಹೊರಗೆ ಬರಲಿಲ್ಲ.

"ಬ್ಯಾನಿ ಅಲ್ಲವ್ವ, ಚೌರಿ ಅದು. ಕೊಟಗಿ ಸಂದ್ಯಾಗಿನ ಕೂದಲ ಆರಿಸಿ ಕಟ್ಟಿಸಿದ್ದು."

ಕಸ್ತೂರಿಬಾಯಿ ಎದ್ದು ಬಂದಳು. ಜಡೆಯನ್ನು ಬಿಸಿಲಿಗೆ ಹಿಡಿದಳು, ತಿಕ್ಕಿದಳು, ಮೂಸಿಯೂ ನೋಡಿದಳು. "ನನ್ನವು! ಎಲ್ಲಾ ನನ್ನ ಕೂದಲ! ಸುಳ್ಳೇ ಗುಬ್ಬಿ ಗೂಡು ಕೆಡವಿ ಪಾಪ ಕಟಗೊಂಡೆನಲ್ಲಬೇ!"

ಮಲ್ಲಣ್ಣ ಬಾಯಿ ತೆರೆದ. "ಅಂದ್ರ... ಇಷ್ಟು ವರ್ಷ ನಾ ಮಲ್ಲಿಗಿ ತಂದದ್ದು ಅವ್ವನ ಕೂದಲಿಗೇನು?"

ಅಂಗಳ ನಕ್ಕಿತು. ಮೆಹರಾಜಳೂ ನಕ್ಕಳು, ಓಢಣಿ ವಾಪಸು ಕೇಳುವುದನ್ನೂ ಮರೆತು.

ಆ ಚೌರಿಯಿಂದಲೇ ವಿಗ್ಗು ಆಗಿ ಬಂತು. ಮೆಹರಾಜ ಎರಡು ಜಡೆ ಹಾಕಿಕೊಂಡು ಸಾಲಿಗೆ ಹೋದಳು. ಊರ ತುಂಬ ಕಸ್ತೂರಿಬಾಯಿಯ ದಾನದ ಹೆಸರೇ ಹೆಸರು. ಬಂದವರಿಗೆಲ್ಲ ಅವಳು, "ನಂದೇನು ದೊಡ್ಡದಲ್ಲ ಬಿಡ್ರಿ" ಅನ್ನುತ್ತ ದೊಡ್ಡದನ್ನೆಲ್ಲ ಹೇಳುತ್ತಿದ್ದಳು. ಮಲ್ಲಣ್ಣನ ಮಲ್ಲಿಗೆ ನಿಂತಿತು.

ಗುರುಬಾಯಿ ಮಾತ್ರ ಇಲಿ ಬಾಲ ಹೊತ್ತು ತಿರುಗುತ್ತ, ಹೊಸ ಚೌರಿಯ ಆಸೆಗೆ ತನ್ನವೇ ಉದುರಿದ ಕೂದಲನ್ನು ಉಂಡೆ ಸುತ್ತಿ ಅದೇ ಸಂದಿಗೆ ತುರುಕತೊಡಗಿದಳು. ತೊಗರಿ ರಾಶಿ ಮುಗಿದ ಮೇಲೊಂದು ದಿನ ಕೈ ಹಾಕಿದರೆ ಸಂದಿ ಖಾಲಿ.

"ಅತ್ತಿ, ಇಲ್ಲಿ ನನ್ನ ಕೂದಲ ಇಟ್ಟಿದ್ದೆ..."

ಕಸ್ತೂರಿಬಾಯಿ ಗುಬ್ಬಿಗಳಿಗೆ ಜೋಳ ಚೆಲ್ಲುತ್ತ ಕೂತಿದ್ದಳು. ಅಡಿಕೆಯಷ್ಟಿದ್ದ ಅವಳ ತುರುಬು ಇಂದು ಉಳ್ಳಾಗಡ್ಡಿಯಷ್ಟು ಉಬ್ಬಿತ್ತು. ಬಿಳುಪಿನ ಕೆಳಗೆ ಕಪ್ಪು ಇಣುಕುತ್ತಿತ್ತು.

"ಗುಬ್ಬಿ ಒಯ್ದಿರಬೇಕು ತಗಿಬೇ" ಅಂದಳು, ತಿರುಗಿಯೂ ನೋಡದೆ.